ಬಚ್ಚಲೊಲೆಯ ಬೆಕ್ಕು ಮತ್ತು ನನ್ನ ಬಿ.ಎ.

ಇದು ನಡೆದದ್ದು ಐವತ್ತೆಂಟರಲ್ಲೋ ಐವತ್ತೊಂಬತ್ತರಲ್ಲೋ, ಖಚಿತವಿಲ್ಲ. ನನ್ನ ಆಗಿನ ದಿನಚರಿಯಲ್ಲಿ ಇಸವಿಯಿಲ್ಲ, ಬೆಕ್ಕಿನ ಬಣ್ಣ ಕಂದು ಎಂದಿದೆ. ನನ್ನ ನೆನಪಿನಲ್ಲಿ ಅದು ಬೂದು. ಬೂದಿಯಲ್ಲಿ ಮಲಗುತ್ತಿದ್ದುದರಿಂದ ಎರಡೂ ನಿಜವಿರಬಹುದು. ನನ್ನ ಹೊಟ್ಟೆಕಿಚ್ಚಿನ ವಿಷಯದಲ್ಲಿ ಮಾತ್ರ ನೆನಪು ತಪ್ಪಿಲ್ಲ.

ಹೊಳೆನರಸೀಪುರದ ಆ ಮನೆಗೆ ನಾನು ಮೈಸೂರಿನ ಬಿ.ಎ. ಪದವಿಯೊಂದಿಗೆ ಕಿರಿಯ ಸೊಸೆಯಾಗಿ ಬಂದೆ. ಹಿರಿಯ ಸೊಸೆ ಬಾಗೂರಿನ ಪುಟ್ಟಮ್ಮಕ್ಕ ಓದಿದ್ದು ನಾಲ್ಕನೇ ಕ್ಲಾಸು. ಮನೆಯ ಬೆಕ್ಕು ಚೆನ್ನಿ ಅವರ ಪಕ್ಷ. ನಾನು ಹಾಲಿಟ್ಟು ಕರೆದರೆ ಬಂದು, ಪೂರ್ತಿ ಕುಡಿದು, ಹೋಗಿ ಅವರ ಮಡಿಲೇರುತ್ತಿತ್ತು.

ಅಕ್ಕ ಒಂದು ತಿಂಗಳು ತವರಿಗೆ ಹೋದರು. ನನ್ನ ಕಾಲ ಬಂತು!

ಚೆನ್ನಿ ಮಲಗುತ್ತಿದ್ದುದು ಬಚ್ಚಲೊಲೆಯ ಆರಿದ ಬೂದಿಯಲ್ಲಿ. ಆರೋಗ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಬೂದಿಯನ್ನೆಲ್ಲ ಗೋರಿ ತಿಪ್ಪೆಗೆ ಸುರಿದೆ. ದಿನಾ ಸ್ನಾನದ ನೀರು ಕಾದು ಬೆಂಕಿ ಆರಿದ ಮೇಲೆ ಒಲೆಯ ಬಾಯಿಗೆ ಹಲಗೆ ಮುಚ್ಚತೊಡಗಿದೆ. ಬೆಕ್ಕಿಗೆ ಸೋಪು ಹಚ್ಚಿ ಸ್ನಾನ ಮಾಡಿಸಿ, ನನ್ನ ಕೋಣೆಯಲ್ಲಿ ಹಳೆಯ ಕಂಬಳಿ ಹಾಸಿದೆ. ಬೆಚ್ಚಗಿನ ಜಾಗ ಬೇರೆಲ್ಲೂ ಸಿಗದೆ ಅದು ಬಂದು ಮಲಗಿತು. ದಿನಚರಿಯಲ್ಲಿ "ವಿಜಯ" ಎಂದು ಬರೆದೆ.

ಎರಡು ವಾರದಲ್ಲಿ ಚೆನ್ನಿ ಬಿಡುವಿಲ್ಲದೆ ಮೈ ನೆಕ್ಕತೊಡಗಿತು. ಶುಚಿತ್ವ ಕಲಿಯಿತೆಂದು ಹಿಗ್ಗಿದೆ. ಹೊಟ್ಟೆಯ ಕೂದಲು ಹೋಯಿತು. ತೊಡೆಯಲ್ಲಿ ಕೆಂಪು ಹುಣ್ಣೆದ್ದಿತು. ಬೇವಿನೆಣ್ಣೆ ಹಚ್ಚಿದೆ, ಅದನ್ನು ತಂದು ಮಾವನವರ ಒಗೆದ ಪಂಚೆಗೆ ಒರೆಸಿತು. ನೆಕ್ಕದಿರಲೆಂದು ನನ್ನ ರವಿಕೆ ಕಣದಲ್ಲಿ ಅಂಗಿ ಹೊಲಿದು ತೊಡಿಸಿದೆ. ಎರಡು ಹೆಜ್ಜೆ ನಡೆದು ಪಕ್ಕಕ್ಕೆ ಉರುಳಿತು.

"ಅತ್ತಿಗೆ ಇಲ್ದೆ ಕೊರಗ್ತದೆ ಕಣೆ ಅದು," ಎಂದರು ನನ್ನ ಯಜಮಾನರು.

"ಕೊರಗೂ ಇಲ್ಲ, ಏನೂ ಇಲ್ಲ. ಕಾಯಿಲೆ," ಎಂದೆ.

ಕಾಯಿಲೆಯೇ ಆಗಿರಲಿ ದೇವರೇ ಎಂದು ಬೇಡಿಕೊಳ್ಳುತ್ತ ಚೆನ್ನಿಯನ್ನು ಬುಟ್ಟಿಯಲ್ಲಿಟ್ಟು ದನದ ಆಸ್ಪತ್ರೆಗೆ ಹೊತ್ತೊಯ್ದೆ. ಕಾಂಪೌಂಡರು ಕೂದಲು ಬಿಡಿಸಿ ನೋಡಿದರು.

"ಚಿಗಟ ಕಣಮ್ಮ, ಮೈತುಂಬ ಅವೆ. ಕಡಿತ ತಡೀನಾರ್ದೆ ನೆಕ್ತದೆ. ಮೊದ್ಲು ಎಲ್ ಮಲಗ್ತಿತ್ತು?"

"ಒಲೆ ಬೂದೀಲಿ."

"ಅದ್ಯಾಕ್ ಬುಡಿಸುದ್ರಿ? ಬೂದೀಲಿ ಒಳ್ಳಾಡೋ ಬೆಕ್ಕಿಗೆ ಚಿಗಟ ನಿಲ್ಲಾಕಿಲ್ಲ. ಈಗೆಲ್ಲಿ?"

"ನನ್ನ ಕೋಣೇಲಿ, ಕಂಬಳಿ ಮೇಲೆ."

ಅವರು ನನ್ನ ಮೊಣಕೈ ನೋಡಿದರು. ನಾನು ಕೆರೆದುಕೊಳ್ಳುವುದನ್ನು ನಿಲ್ಲಿಸಿದೆ.

"ಮೊದ್ಲು ಆ ಕಂಬಳಿ ಸುಟ್ಬುಡಿ," ಎಂದರು.

ಅದೇ ಸಂಜೆ ತವರಿಂದ ಬಂದ ಅಕ್ಕ ಅಂಗಿ ತೊಟ್ಟ ಚೆನ್ನಿಯನ್ನೂ ಒಲೆಯ ಬಾಯಿಯ ಹಲಗೆಯನ್ನೂ ನೋಡಿದರು. ಅಂಗಿ ಬಿಚ್ಚಿದರು, ಹಲಗೆ ತೆಗೆದರು. "ಓದಿದೋರ ಕೈಗೆ ಸಿಕ್ಬುಟ್ಟಿದ್ಯಾ ನನ್ನವ್ವಾ," ಎಂದು ಬೆಕ್ಕಿಗೆ ಹೇಳಿದರು. ದಿನಾ ಹುಣ್ಣು ತೊಳೆದು ಕೊಬ್ಬರಿ ಎಣ್ಣೆ ಸವರಿದರು. ತಿಂಗಳು ಕಳೆಯುವಷ್ಟರಲ್ಲಿ ಹೊಟ್ಟೆಯ ಮೇಲೆ ಹೊಸ ಕೂದಲು ಬಂತು. ಕಂದೋ ಬೂದೋ.

ಅಕ್ಕ ಪಾತ್ರೆ ಬೆಳಗಲು ಬೂದಿ ಜರಡಿ ಹಿಡಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಕೇಳಿಯೇಬಿಟ್ಟೆ. ಅವರು ಜರಡಿ ನಿಲ್ಲಿಸಲಿಲ್ಲ.

"ಅಕ್ಕಾ, ನಾನು ಕಾಲೇಜಿನ ಮಾತಾಡುವಾಗ, ಒಂದೇ ಒಂದು ಸಲವಾದರೂ, ನಿಮಗೂ ನನ್ನ ಮೇಲೆ ಹೊಟ್ಟೆಕಿಚ್ಚಾಗಿತ್ತಾ?"