ಸಬ್ ರಿಜಿಸ್ಟ್ರಾರ್ ಬಾಗಿಲಲ್ಲಿ ನಮ್ಮಕ್ಕ

ನನಗೆ ಮದುವೆಯೇ ಆಗುವುದಿಲ್ಲವೆಂದು ಮೊದಲು ಸಾರಿದವರು ರಾಮಾಪುರದ ನಮ್ಮ ಸೋದರಮಾವ. “ಇಂಗೇ ಓದ್ಕಂಡ್ ಕುಂತ್ರೆ ನಿಂಗ್ಯಾರ್ಲಾ ಎಣ್ ಕೊಟ್ಟಾರು?” ನಾನು ಓದಿದೆ. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲನೆಯವನು ನಾನೇ. ಇದನ್ನು ಹೇಳುವಾಗ ಈಗಲೂ ಎದೆ ತುಸು ಮುಂದೆ ಬರುತ್ತದೆ, ಬರಲಿ ಬಿಡಿ. ಓದಿದ್ದು ಸಮಾಜಶಾಸ್ತ್ರ, ಅದರಲ್ಲೂ ನನಗೆ ಒಲಿದದ್ದು ಲೋಕದ ಮದುವೆ ಪದ್ಧತಿಗಳ ಪಾಠ. ಎಲ್ಲರ ಶಾಸ್ತ್ರಗಳನ್ನೂ ಓದಿ ಮುಗಿಸಿದ ಮೇಲೆ ನನ್ನ ಮದುವೆಗೆ ಒಂದೂ ಬೇಡವೆನ್ನಿಸಿತು. ನಾನು ಮೆಚ್ಚಿದ, ಯಳಂದೂರು ಕಡೆಯ ಮಾಂಬಳ್ಳಿಯ ಕಾವ್ಯಳೂ ಒಪ್ಪಿದಳು. ಕೊಳ್ಳೇಗಾಲದ ಕಚೇರಿಯಲ್ಲಿ ಮೂರು ಜನ ಸಾಕ್ಷಿ, ಸಹಿ, ಅಷ್ಟೇ.

ತಕರಾರಿದ್ದದ್ದು ನಮ್ಮಕ್ಕನದು, ಚಿಕ್ಕತಾಯಿ ಎಂದು ಅವಳ ಹೆಸರು. ಅವ್ವ ತೀರಿಕೊಂಡಾಗ ನನ್ನನ್ನು ಸಾಕಲೆಂದು ಸ್ಲೇಟು ಕೆಳಗಿಟ್ಟವಳು ಅವಳು. ಅವಳು ಸಾಕ್ಷಿ ಹಾಕದೆ ನಾನು ಸಹಿ ಮಾಡುವುದಿಲ್ಲವೆಂದು ಕಾವ್ಯಳಿಗೆ ಮೊದಲೇ ಹೇಳಿದ್ದೆ. “ಅರಿಸ್ನ ಇಲ್ಲ, ಸೋಬಾನೆ ಇಲ್ಲ, ಇದ್ಯಾವ್ ಮದ್ವೆ? ಬತ್ತೀನಿ. ರುಜು ಆಕದು ಅಲ್ಲಿ ನೋಡಮ” ಎನ್ನುತ್ತ ಅಕ್ಕ ಬಸ್ಸು ಹತ್ತಿದಳು.

ಅವಳನ್ನು ಮೆದುಮಾಡಲು ಹನೂರು ದಾಟುವ ತನಕ ನನ್ನ ಪಾಠವನ್ನೆಲ್ಲ ಒಪ್ಪಿಸಿದೆ. ಚೀನಾದ ಒಂದು ಕಡೆ ಮದುಮಗಳು ತಿಂಗಳಿಡೀ ದಿನಾ ಅಳಬೇಕು ಎಂದೆ. “ತಿಂಗಳ್ಯಾಕ್ಲಾ? ನಮ್ಮಪ್ಪ ನನ್ ಮದ್ವೇಲಿ ಒಂದೇ ಬೆಳಗ್ಗೆ ಅಷ್ಟ್ನೂ ಅತ್ಬುಡ್ನಿಲ್ವಾ?” ಕೊರಿಯಾದಲ್ಲಿ ಗೆಳೆಯರು ಮದುಮಗನ ಅಂಗಾಲಿಗೆ ಒಣಮೀನಿನಲ್ಲಿ ಹೊಡೆಯುತ್ತಾರೆ ಎಂದೆ. ಅಕ್ಕ ಗಂಭೀರಳಾದಳು. “ಆಮೇಲೆ ಸಾರ್ ಮಾಡಾರಾ, ಸುಮ್ನೆ ಎಸ್ದಾರಾ?” ಜರ್ಮನಿಯಲ್ಲಿ ಮದುವೆಗೆ ತಟ್ಟೆ ಒಡೆಯುತ್ತಾರೆ, ಚೂರನ್ನು ಜೋಡಿಯೇ ಗುಡಿಸಬೇಕು ಎಂದೆ. “ಸ್ಟೀಲಿಂದು ಎಂಗ್ಲಾ ಒಡೀತಾರೆ?” ಅವಳಿಗೆ ಒಂದೂ ವಿಚಿತ್ರವೆನಿಸಲಿಲ್ಲ. ಶಾಸ್ತ್ರವೇ ಇಲ್ಲದ ತಮ್ಮನೊಬ್ಬನೇ ವಿಚಿತ್ರ.

ಕಚೇರಿ ಮುಟ್ಟಿದಾಗ ಊಟದ ಹೊತ್ತು ಹತ್ತಿರವಾಗಿತ್ತು. ಕಾವ್ಯ ಉಳಿದಿಬ್ಬರು ಸಾಕ್ಷಿಗಳೊಡನೆ ಜಗಲಿಯಲ್ಲಿ ಕಾಯುತ್ತಿದ್ದಳು. ಅಕ್ಕ ಮುಂದೆ ಹೋಗಿ, ಮನೆ ತುಂಬಿಸುವ ಶಾಸ್ತ್ರದಲ್ಲಿ ಹೊಸಿಲಿಗೆ ನಿಲ್ಲುವಂತೆ, ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತುಬಿಟ್ಟಳು. “ಎಂಡ್ತಿ ಎಸ್ರು ಪದ ಕಟ್ಟಿ ಯೋಳು. ಇಲ್ದಿದ್ರೆ ಬುಡಕಿಲ್ಲ.”

ಹಿಂದೆ ಜಮೀನು ಪತ್ರಕ್ಕೆ ಬಂದವರ ಗುಂಪು ಸೇರಿತು. ಹೊಂಗೆಯ ನೆರಳು ಜಗಲಿಯ ಮೇಲೆ ಅಲ್ಲಾಡುತ್ತಿತ್ತು. ನನಗೆ ಕಣ್ಣು ಮಂಜಾದಂತಾಗಿ, ಆ ಗುಂಪಿನಲ್ಲೇ ಅಳುವ ಚೀನಾದ ಹುಡುಗಿಯರು, ಒಣಮೀನು ಹಿಡಿದ ಗೆಳೆಯರು, ತಟ್ಟೆಯ ಚೂರು ಗುಡಿಸುವ ಜೋಡಿ ಎಲ್ಲರೂ ತಮ್ಮ ಸರದಿಗೆ ನಿಂತಂತೆ ಕಂಡಿತು. ಎಲ್ಲರಿಗೂ ಹೇಳಲು ಏನೋ ಇತ್ತು, ನನಗೊಬ್ಬನಿಗೆ ಇರಲಿಲ್ಲ.

“ಬಿರ್ರನೆ ಯೋಳಿ ಸಾ, ಸಾಯೇಬ್ರು ಊಟಕ್ ಎದ್ಬುಡ್ತಾರೆ!” ಹಿಂದಿನಿಂದ ಯಾರೋ ಕೂಗಿದರು.

ಬೆವರು ಒರೆಸಿಕೊಂಡು ಹೇಳಿದೆ: “ಯಳಂದೂರ ಗದ್ದೇಲಿ ಭತ್ತದ ತೆನೆ, ಕಾವ್ಯ ಬರದಿದ್ರೆ ಯಾಕ್ ಬೇಕು ಮನೆ!”

ಗುಂಪು ಕೇಕೆ ಹಾಕಿತು. ಅಕ್ಕ ಕೈ ಇಳಿಸಲಿಲ್ಲ. ಮದುಮಗನ ಅಕ್ಕ ಕೇಳಲೇಬೇಕಾದ್ದನ್ನು ಕಾವ್ಯಳನ್ನೇ ಕೇಳಿದಳು: “ಎಣ್ಣುಟ್ಟುದ್ರೆ ನಮ್ಮನೆಗೆ ಸೊಸೆ ಮಾಡ್ಕೊಟ್ಟಿಯಾ?” ಅಕ್ಕನ ಮಗನಿಗಾಗಲೇ ಮೀಸೆ ಬಂದಿತ್ತು. ಹೂಂ ಅಂದರೆ ಮುಗಿಯುವ ಶಾಸ್ತ್ರ. ನಾನು ಹೂಂ ಎನ್ನಲು ಬಾಯಿ ತೆರೆದಿದ್ದೆ.

“ಇಲ್ಲ ಅತ್ಗೆ” ಎಂದಳು ಕಾವ್ಯ. “ಅವ್ಳು ಓದ್ಲಿ.”

“ಓದ್ಲಿ” ಎಂದು ಅಕ್ಕ ತನಗೇ ಹೇಳಿಕೊಂಡಳು. ಆಮೇಲೆ ಕೈ ತಾನಾಗಿ ಇಳಿಯಿತು. ಒಳಗೆ ಹೋಗಿ, ಒಂದೊಂದೇ ಅಕ್ಷರ ಕೂಡಿಸಿ, ಸಾಹೇಬರನ್ನು ಊಟಕ್ಕೆ ಕಾಯಿಸಿ, ತನ್ನ ಹೆಸರು ಬರೆದಳು.

ಸರ್ಟಿಫಿಕೇಟು ಕೈಗೆ ಬಂತು. ಶಾಸ್ತ್ರಗಳಿಂದ ಪಾರಾದ ವಿದ್ಯಾವಂತನಂತೆ ನಾನು ಅದನ್ನು ಎತ್ತಿ ಹಿಡಿದಿದ್ದೆ. ಅಕ್ಕ ಸೆರಗು ಸರಿಮಾಡಿಕೊಂಡು ಎದ್ದಳು.

“ಸರ್ಕಾರುದ್ದು ಮುಗೀತಲ್ಲ, ನಡೀರಿ. ಊರಲ್ಲಿ ಚಪ್ಪರ ಆಕಿಸ್ಬುಟ್ಟೇ ಬಂದಿವ್ನಿ.”