ಸೀಳುತುಟಿಯ ಮಗುವೂ ನನ್ನ ಮೈದುನನ ಮುದ್ದೆಯೂ

ಗ್ರಹಣಕ್ಕೂ ನನ್ನ ಮಗಳ ಸೀಳುತುಟಿಗೂ ಏನೇನೂ ಸಂಬಂಧವಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ಮಧುವನಹಳ್ಳಿಯಲ್ಲಿ ಈ ಮಾತನ್ನು ಹೇಳಿದವನು ನನ್ನ ಮೈದುನ ಒಬ್ಬನೇ, ಅವನನ್ನು ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬುವುದಾದರೂ ಹೇಗೆ? ಉಳುವಾಗಲೂ ಕೋಟು ಹಾಕುತ್ತಿದ್ದ ಮನುಷ್ಯ!

ನಮ್ಮ ತಾಲ್ಲೂಕು ಕೊಳ್ಳೇಗಾಲ ಆಗ ಮದರಾಸು ಸರ್ಕಾರಕ್ಕೆ ಸೇರಿತ್ತು. ಅವನು ಮದರಾಸಿಗೆ ಡಾಕ್ಟರಿಕೆ ಓದಲು ಹೋಗಿ, ಹೆಣ ಕೊಯ್ಯುವ ಪಾಠ ಬಂದಾಗ ಓಡಿಬಂದಿದ್ದ. ಅಷ್ಟರಲ್ಲಿ ಬಸಿರಿನ ಪಾಠ ಮುಗಿದಿತ್ತಂತೆ. ಹಾಗಾಗಿ ಜನ ಹುಟ್ಟುವುದು ಹೇಗೆಂದು ಅವನಿಗೆ ಗೊತ್ತಿತ್ತು, ಸಾಯುವುದು ಹೇಗೆಂದು ಗೊತ್ತಿರಲಿಲ್ಲ.

ನಮಗೆ ಪಾಠ ನಡೆಯುತ್ತಿದ್ದುದು ಊಟದ ಹೊತ್ತಿನಲ್ಲಿ. ತಟ್ಟೆಯ ಮುದ್ದೆಯನ್ನು ಎರಡು ಮಾಡುವನು, ಎರಡನ್ನು ನಾಲ್ಕು, ನಾಲ್ಕನ್ನು ಎಂಟು.

"ಮೊದ್ಲು ಒಂದೇ ಸೆಲ್ಲು ಕಣವ್ವ. ಕಂಡೂ ಕಾಣದಂಗೆ ಒಂದು ಜೀವದ ಚೂರು. ಅದು ಒಡ್ಕಂಡು ಒಡ್ಕಂಡು ಇಂಗಾಯ್ತದೆ. ಮುದ್ದೆ ದೊಡ್ಡದಾಗಕಿಲ್ಲ, ಚೂರು ಮಾತ್ರ ಎಚ್ಚಾಯ್ತವೆ."

"ಉಣ್ಣಾಕೆ ಇಕ್ಕಿದ್ದು ಕಣ್ಲಾ, ಪಾಲು ಮಾಡಾಕಲ್ಲ!" ಎಂದು ನಮ್ಮತ್ತೆ ಗದರುತ್ತಿದ್ದರು. 

ಆಮೇಲೆ ಆ ಚೂರುಗಳು ನಡೆಯಲು ಶುರುಮಾಡುತ್ತವಂತೆ.

"ನೀನು ತವ್ರು ಬುಟ್ಟು ಅಗರದಿಂದ ಇಲ್ಲಿಗೆ ಬಂದಂಗೆ ಕಣತ್ಗೆ. ಒಂದೊಂದು ಸೆಲ್ಲಿಗೂ ಒಂದೊಂದು ಗಂಡನ ಮನೆ. ಅಲ್ಲಿಗೋಗಿ ಒಂದು ಗುಂಡಿಗೆ ಆಯ್ತದೆ, ಇನ್ನೊಂದು ಬೆನ್ಮೂಳೆ."

"ಅಲ್ಲಿ ಅತ್ತೆ ಯಾರು?" ಎಂದು ಕೇಳಿದೆ. ಅದನ್ನು ಕಾಲೇಜಿನಲ್ಲಿ ಹೇಳಿಕೊಟ್ಟಿಲ್ಲವೆಂದ.

ಮಗು ಹುಟ್ಟಿದಾಗ ಮೇಲ್ತುಟಿ ಸೀಳಿತ್ತು. ಮೊಲೆ ಚೀಪಲಾಗುತ್ತಿರಲಿಲ್ಲ. ನಾನು ಎಂಟು ತಿಂಗಳ ಬಸುರಿಯಾಗಿದ್ದಾಗ ಗ್ರಹಣದ ಹೊತ್ತಲ್ಲಿ ಕುಂಬಳಕಾಯಿ ಹೆಚ್ಚಿದ್ದನ್ನು ಅತ್ತೆ ನೋಡಿದ್ದರು. ತೀರ್ಪು ನಿಂತಲ್ಲೇ ಆಯಿತು: ಮಗುವಿನ ಸಮೇತ ನಾನು ತವರಿಗೆ, ಮತ್ತೆ ಕರೆಸುವ ಮಾತಿಲ್ಲ. ನನ್ನ ಗಂಡ ಎತ್ತುಗಳಿಗೆ ಹುಲ್ಲು ಹಾಕುತ್ತಾ ನಿಂತಿದ್ದ. ಆ ಎತ್ತುಗಳು ಅಷ್ಟೊಂದು ತಿಂದದ್ದು ಅವತ್ತು ಮಾತ್ರ.

ಮೈದುನ ಊರ ಹಿರಿಯರನ್ನು ಜಗಲಿಗೆ ಕರೆದು ಕೂರಿಸಿದ.

"ಎಲ್ರೂ ಮೂಗಿನ ಕೆಳ್ಗೆ ಬೆರಳಿಡ್ರಿ ಸಾ. ಒಂದು ಸಣ್ಣ ಅಳ್ಳ ಐತಲ್ಲ? ಮೂಗಿನ ಕಡೆಯಿಂದ ಒಂದು ತುಂಡು, ಎರಡು ಕೆನ್ನೆ ಕಡೆಯಿಂದ ಒಂದೊಂದು ತುಂಡು ನಡ್ಕಂಡು ಬಂದು ಕೂಡ್ಕಂಡ ಗುರ್ತು ಅದು. ಈ ಮಗೀಗೆ ಕೂಡ್ನಿಲ್ಲ, ಅಷ್ಟೇಯ. ಮೂರು ತಿಂಗ್ಳು ತುಂಬೋದ್ರೊಳ್ಗೆ ಮುಗ್ದೋಗೋ ಕೆಲ್ಸ ಅದು. ಗ್ರಹಣ ಬಂದಿದ್ದು ಎಂಟರಲ್ಲಿ! ಮೈಸೂರಿನ ದೊಡ್ಡಾಸ್ಪತ್ರೇಲಿ ತುಟಿಗೆ ಹೊಲಿಗೆ ಹಾಕ್ತಾರೆ ಕಣ್ರಿ."

ಹಿರಿಯರೆಲ್ಲ ಮೂಗಿನ ಕೆಳಗೆ ಬೆರಳಿಟ್ಟು ಗಂಭೀರವಾಗಿ ಕೂತರು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು, "ಏನು ನಾರ್ತಾ ಐತೆ ಸ್ವಾಮಿ?" ಎಂದು ಕೇಳಿದ. ಸಭೆ ಮುಗಿಯಿತು.

"ನಾಳೆ ಗಾಡಿ ಕಟ್ಲಿ," ಎಂದರು ಅತ್ತೆ.

ಸಂಜೆ ಹಿತ್ತಿಲಿಂದ ಒಳಗೆ ಬಂದರೆ, ಮೈದುನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ನಾನು ಹಿಂಡಿಟ್ಟಿದ್ದ ಹಾಲಿನಲ್ಲಿ ಬಟ್ಟೆಯ ಬತ್ತಿ ಅದ್ದಿ, ಅದರ ಬಾಯಿಗೆ ತೊಟ್ಟು ತೊಟ್ಟಾಗಿ ಬಿಡುತ್ತಿದ್ದ. ನಾನು ಬಂದದ್ದು ಅವನಿಗೆ ತಿಳಿಯಲಿಲ್ಲ.

"ಕಣ್ಣು ಬಂದು ಕೂತ್ಕತು, ಕಿವಿ ಬಂತು, ಗುಂಡಿಗೆ ಬಂತು, ಬೆರಳೆಲ್ಲ ಬಂದ್ವು... ಏಟೊಂದು ದಾರಿ ಸರ್ಯಾಗಿ ನಡ್ದಿದ್ದೀಯೆ ನಮ್ಮವ್ವ! ಕೊನೆಗೆ ಒಂದು ಚೂರು ಉಳ್ಕತು. ಅದ್ನ ನಾವು ನಡೀತೀವಿ ಬುಡು."

ಮರುದಿನ ಬೆಳಿಗ್ಗೆ ಗಾಡಿ ಹತ್ತಿದೆ. ಅಗರಕ್ಕೆ ದಾರಿ ಕೊಳ್ಳೇಗಾಲದ ಮೇಲೆಯೇ. ಅಲ್ಲಿ ಗಾಡಿ ನಿಲ್ಲಿಸಿ, ಮಗುವನ್ನು ಎತ್ತಿಕೊಂಡು ಇಳಿದು, ಮೈಸೂರಿನ ಬಸ್ಸು ಹತ್ತಿದೆ.