ಬಲಕ್ಕೆ ಬಾರದ ಹೆಲಿಕಾಪ್ಟರ್

ಅಗ್ಗವೂ ಆಗಿರಬೇಕು, ಒಳ್ಳೆಯದೂ ಆಗಿರಬೇಕು ಎಂದು ಹಟ ಹಿಡಿದು ಅಂಗಡಿಯ ಮೆಟ್ಟಿಲು ಹತ್ತುವವನಷ್ಟು ದುಃಖಿ ಲೋಕದಲ್ಲಿ ಇನ್ನೊಬ್ಬನಿರಲಾರ. ದುಡ್ಡಿದ್ದವನು ಬೆರಳು ತೋರಿಸಿ ಕೊಂಡು ಹೋಗುತ್ತಾನೆ. ಇಲ್ಲದವನು ಹೊರಗಿನಿಂದಲೇ ನೋಡಿ ಮನೆ ಸೇರುತ್ತಾನೆ. ನಡುವೆ ಸಿಕ್ಕಿಕೊಂಡ ನನ್ನಂಥವನು ಮಾತ್ರ ಅಂಗಡಿಯವನ ಪ್ರಾಣ ಹಿಂಡಿ, ಹೆಂಡತಿಯ ಪ್ರಾಣ ಹಿಂಡಿ, ಕೊನೆಗೆ ತನ್ನದನ್ನೂ ಹಿಂಡಿಕೊಳ್ಳುತ್ತಾನೆ. ನಾನು ತಿ. ನರಸೀಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು, ಮನೆ ನಂಜನಗೂಡಿನಲ್ಲಿ. ದಿನಾ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಿ ಬರುವ ಈ ದೇಹಕ್ಕೆ ಐದು ತಿಂಗಳು ಹಿಡಿದಿದ್ದ ಕಾಯಿಲೆಯ ಹೆಸರು ರಿಸೀವರ್.

ರಿಸೀವರ್ ಎಂದರೆ ಟೀವಿಯ ಸದ್ದನ್ನು ತೆಗೆದುಕೊಂಡು, ಮುಂದೆ ಮೂರು, ಹಿಂದೆ ಎರಡು ಸ್ಪೀಕರ್‌ಗಳಿಗೆ ಪಾಲು ಹಂಚುವ ಪೆಟ್ಟಿಗೆ. ಪರದೆಯ ಮೇಲೆ ನಾಯಕ ಮುಂದೆ ನಿಂತು ಮಾತಾಡುತ್ತಿದ್ದರೆ ಮಳೆ ನಮ್ಮ ಬೆನ್ನ ಹಿಂದೆ ಸುರಿಯಬೇಕು. ಇದರ ಆಸೆ ನನ್ನದಲ್ಲ, ನನ್ನ ಹೆಂಡತಿ ಶಶಿಕಲಾಳದು. ಅವಳಿಗೆ ಸಿನಿಮಾ ಎಂದರೆ ಪ್ರಾಣ. ಹುಲ್ಲಹಳ್ಳಿಯಲ್ಲಿ ಅವಳ ತಂಗಿಯ ಮನೆಯಲ್ಲಿ ಅಂಥದೊಂದನ್ನು ಕೇಳಿ ಬಂದವಳು, "ಅಲ್ಲಿ ಗುಡುಗಿದ್ರೆ ಒಣಗಾಕಿರೋ ಬಟ್ಟೆ ತೆಗೆಯೋಣ ಅನ್ಸತ್ತೆ. ನಮ್ಮನೆ ಟೀವಿ ಡಬ್ಬದಲ್ಲಿ ಕಡ್ಲೇಬೀಜ ಅಲ್ಲಾಡಿಸ್ದಂಗೆ ಗುಡುಗತ್ತೆ" ಎಂದಳು. ರವಿಕೆ ಹೊಲಿದು ಕೂಡಿಟ್ಟಿದ್ದ ಇಪ್ಪತ್ತು ಸಾವಿರವನ್ನು ತಂದು ನನ್ನ ಮುಂದಿಟ್ಟು, "ಇಷ್ಟರಲ್ಲೇ ತರ್ಬೇಕು. ಆದ್ರೆ ನೋಡಿ ತರ್ಬೇಕು" ಎಂದಳು. ಆ 'ನೋಡಿ' ಎಂಬ ಒಂದು ಮಾತೇ ನನಗೆ ಮುಳುವಾಯಿತು.

ನೋಡುವುದು ನಮ್ಮ ವಂಶದ ರೋಗ. ಬಿಳಿಗೆರೆಯಲ್ಲಿದ್ದಾಗ ನಮ್ಮಪ್ಪ ಒಂದು ಎತ್ತು ಕೊಳ್ಳಲು ನಾಲ್ಕು ಸಂತೆ ತಿರುಗಿದರು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವರು, ಸುಳಿ ನೋಡುವರು, ನಡೆಸಿ ನೋಡುವರು. ಕೊನೆಗೆ ಉಳುಮೆಯ ಕಾಲ ಮುಗಿದ ಮೇಲೆ ಎತ್ತು ಮನೆಗೆ ಬಂತು. ಆದರೂ ಅಪ್ಪನಿಗೆ ಹಲ್ಲಾದರೂ ಇತ್ತು. ರಿಸೀವರ್‌ನ ಮುಖ ನೋಡಿದರೆ ಎಲ್ಲವೂ ಒಂದೇ. ಗುಟ್ಟೆಲ್ಲ ಅದರ ಹಿಂಭಾಗದ ತೂತುಗಳಲ್ಲಿ. ಈ ತೂತಿಗೆ ಯಾವ ವೈರು, ಆ ವೈರು ನಮ್ಮ ಟೀವಿಗೆ ಸೇರುತ್ತದೋ ಇಲ್ಲವೋ, ಎಷ್ಟು ವ್ಯಾಟು, ಎಷ್ಟು ಓಮು... ಓಮ್ ಎಂಬುದನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ. ಅಂಗಡಿಯಲ್ಲಿ ಅದು ನನ್ನನ್ನು ಕಂಡೂ ಕಾಣದ ಹಾಗೆ ಕೂತಿತ್ತು. ಮೊಬೈಲಿನಲ್ಲಿ ಒಬ್ಬ ಪುಣ್ಯಾತ್ಮ "ಈ ಬೆಲೆಗೆ ಇದಕ್ಕಿಂತ ಒಳ್ಳೆಯದಿಲ್ಲ" ಎಂದು ಹೊಗಳಿದರೆ, ಅದರ ಕೆಳಗೇ ಇನ್ನೊಬ್ಬ "ಒಂದೇ ತಿಂಗಳಿಗೆ ಹೊಗೆ ಬಂತು" ಎಂದು ಅತ್ತಿರುತ್ತಿದ್ದ. ಹೊಗಳಿದವನನ್ನು ನಂಬುವ ಧೈರ್ಯ ನನಗೆ ಯಾವತ್ತೂ ಬಂದದ್ದಿಲ್ಲ.

"ನಿಮ್ಮ ತಂಗಿಗೆ ಗಂಡು ಹುಡುಕುವಾಗ್ಲೂ ಇಷ್ಟು ವಿಚಾರಿಸ್ಲಿಲ್ಲ" ಎಂದು ಶಶಿಕಲಾ ಒಂದು ಭಾನುವಾರ ನನ್ನನ್ನು ಬಸ್ಸು ಹತ್ತಿಸಿ, ತಾನೂ ಹತ್ತಿ, ನರಸೀಪುರದ ಮಾದೇವಸ್ವಾಮಿಯ ಅಂಗಡಿಗೆ ಕರೆದುಕೊಂಡು ಹೋದಳು. ಮಾದೇವಸ್ವಾಮಿ ಆಂಪ್ಲಿಫೈಯರ್ ರಿಪೇರಿ ಮಾಡುತ್ತಲೇ ಬೆಳೆದು ಅಂಗಡಿ ಇಟ್ಟವನು. ಹಿಂದಿನ ಕೋಣೆಯಲ್ಲಿ ಒಂದು ಕುರ್ಚಿ ಹಾಕಿ, ಸುತ್ತ ಐದು ಸ್ಪೀಕರ್ ಇಟ್ಟು, ಕೊಳ್ಳುವವರಿಗೆ ಕೇಳಿಸಿಯೇ ಮಾರುತ್ತಾನೆ. ನನ್ನ ಬಜೆಟ್ಟಿಗೆ ಹೊಂದುವ ಮೂರು ರಿಸೀವರ್ ತೆಗೆದಿಟ್ಟು, ಮೊದಲನೆಯದನ್ನು ಜೋಡಿಸಿದ. "ಕಣ್ಮುಚ್ಕಂಡು ಕೂತ್ಕಳಿ ಸಾ. ಈಗೊಂದು ಹೆಲಿಕಾಪ್ಟರ್ ಬತ್ತದೆ. ನಿಮ್ ತಲೆ ಸುತ್ತ ಒಂದ್ ರೌಂಡ್ ಒಡೀತದೆ. ಅಂಗೆ ಒಡೀನಿಲ್ಲ ಅಂದ್ರೆ ನೀವು ಕಾಸೇ ಕೊಡಬ್ಯಾಡಿ."

ಹೆಲಿಕಾಪ್ಟರ್ ಬಂತು. ಎಡಗಡೆ ಗರಗರ ಎಂದಿತು. ಎಡ ಹಿಂದಕ್ಕೆ ಹೋಯಿತು. ಆಮೇಲೆ ಎಲ್ಲೋ ದೂರದ ಬಯಲಿನಲ್ಲಿ ಇಳಿದ ಹಾಗೆ ಕ್ಷೀಣವಾಗಿ, ಮತ್ತೆ ಎಡಗಡೆಯಲ್ಲೇ ಎದ್ದಿತು.

"ಬಲಗಡೆಯದು ಕೆಟ್ಟಿದೆ" ಎಂದೆ.

ಮಾದೇವಸ್ವಾಮಿ ವೈರು ಬದಲಾಯಿಸಿದ. ಹೆಲಿಕಾಪ್ಟರ್ ಬಲಕ್ಕೆ ಬರಲಿಲ್ಲ. ಸ್ಪೀಕರ್ ಬದಲಾಯಿಸಿದ. ಬರಲಿಲ್ಲ. ಎರಡನೆಯ ರಿಸೀವರ್ ತಂದ, ಮೂರನೆಯದನ್ನೂ ತಂದ. "ಬಲಗಡೆ ಜೋರಾಗೇ ಬರ್ತಿದೆಯಲ್ರೀ" ಎಂದಳು ಶಶಿಕಲಾ. "ನಿನಗೆ ಗೊತ್ತಾಗಲ್ಲ. ಶಬ್ದ ನನ್ನ ಸಬ್ಜೆಕ್ಟು" ಎಂದೆ. ಐದು ತಿಂಗಳ ನೋವೆಲ್ಲ ಒಟ್ಟಾಗಿ ಬಾಯಿಗೆ ಬಂದಿತ್ತು. ಮೈಕ್ ಸೆಟ್ ಕೊಳ್ಳಲು ಬಂದಿದ್ದ ಇಬ್ಬರು ರೈತರ ಎದುರಿಗೇ, ಬಡ ಗ್ರಾಹಕನಿಗೆ ಕೆಟ್ಟ ಮಾಲು ಅಂಟಿಸುವ ವ್ಯಾಪಾರಿಗಳ ಬಗ್ಗೆ ಸಣ್ಣದೊಂದು ಭಾಷಣವನ್ನೇ ಮಾಡಿಬಿಟ್ಟೆ. ರೈತರು ತಲೆಯಾಡಿಸಿದರು. ಅದರಿಂದ ಇನ್ನಷ್ಟು ಹುರುಪು ಬಂತು.

ಮಾದೇವಸ್ವಾಮಿ ಕೋಪ ಮಾಡಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ಸಾ, ಬ್ಯಾಸರ ಮಾಡ್ಕಬ್ಯಾಡಿ. ಕುರ್ಚಿ ತಿರುಗಿಸ್ಕಂಡು ಗ್ವಾಡೆ ಕಡೆ ಮುಖ ಮಾಡಿ ಕೂತ್ಕಳಿ ಒಸಿ" ಎಂದ. ಕೂತೆ. ಇಷ್ಟು ಹೊತ್ತು ಸತ್ತುಹೋಗಿದ್ದ ಸ್ಪೀಕರ್‌ಗಳು ಈಗ ಎಡಗಡೆಗೆ ಬಂದು ಭೋರ್ಗರೆದವು. ಚೆನ್ನಾಗಿದ್ದವು ಬಲಗಡೆಗೆ ಹೋಗಿ ಸತ್ತವು.

"ಈಗ ಎಡಗಿವಿಗೆ ಬೆರಳಿಟ್ಕಳಿ ಸಾ."

ಇಟ್ಟುಕೊಂಡೆ. ಹೆಲಿಕಾಪ್ಟರ್ ಇಲ್ಲವಾಯಿತು. ಅಂಗಡಿ ಇಲ್ಲವಾಯಿತು. ಹೊರಗಿನ ಬಸ್ಸುಗಳು ಇಲ್ಲವಾದವು. ಶಶಿಕಲಾ ನನ್ನ ಬಲಗಡೆ ಬಂದು ನಿಂತಿದ್ದಳು; ಅವಳ ತುಟಿಗಳು ಅಲ್ಲಾಡುತ್ತಿದ್ದವು. ಏನು ಹೇಳುತ್ತಿದ್ದಾಳೋ ತಿಳಿಯಲಿಲ್ಲ. ಬೆರಳು ತೆಗೆಯಲು ನನಗೆ ಧೈರ್ಯವಾಗಲಿಲ್ಲ. ತೆಗೆದರೆ ಈ ಸಂಗತಿ ನಿಜವಾಗಿಬಿಡುತ್ತದೆ ಅನ್ನಿಸಿತು. ಅವಳೇ ನನ್ನ ಕೈ ಹಿಡಿದು ಕೆಳಗಿಳಿಸಿದಳು.

ಮಾದೇವಸ್ವಾಮಿಗೆ ತಪ್ಪಾಯಿತೆಂದು ಹೇಳಲು ಹೋದೆ. "ಬುಡಿ ಸಾ, ಯಾರ್ಗಾದ್ರೂ ಆಗ್ತದೆ. ಮೈಸೂರ್ಗೋಗಿ ಕಿವಿ ಡಾಕ್ಟ್ರಿಗೆ ತೋರ್ಸಿ. ರಿಸೀವರ್ ಇಲ್ಲೇ ಇರ್ತದೆ, ಎಲ್ಲೂ ಓಗಲ್ಲ" ಎಂದು ಟೀ ತರಿಸಿದ. ಬಯ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಶಶಿಕಲಾ ಕಿಟಕಿಯ ಸೀಟು ಬೇಡವೆಂದು ನನ್ನ ಎಡಕ್ಕೆ ಬಂದು ಕೂತಳು. ಊರು ಹತ್ತಿರವಾದಾಗ, "ಊಟಕ್ಕೆ ಕೂತಾಗ ನಾನು ನಿಮ್ಮ ಬಲಗಡೆ ಕೂರ್ತೀನಿ. ಮಲಗೋದೂ ಬಲಗಡೆ" ಎಂದಳು. ನನಗೆ ಅರ್ಥವಾಗಲಿಲ್ಲ. "ಎಷ್ಟು ವರ್ಷದಿಂದ ನೀವು ಬೇಕೂಂತ್ಲೇ ಉತ್ತರ ಕೊಡ್ತಿಲ್ಲ ಅನ್ಕೊಂಡಿದ್ದೆ ಗೊತ್ತಾ? ಗೋಡೆ ಜೊತೆ ಎಷ್ಟೂಂತ ಮಾತಾಡೋದು? ಅದಕ್ಕೇ ಸಿನಿಮಾ ನೋಡೋಕೆ ಶುರು ಮಾಡ್ದೆ. ಅಲ್ಲಾದ್ರೂ ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡ್ತಾರೆ."

ನಾನು ಕಂಡಕ್ಟರನ ಕಡೆ ನೋಡುತ್ತಾ ಕೂತೆ. ಕೇಳಿಸಿತ್ತು, ಪ್ರತಿ ಅಕ್ಷರವೂ ಕೇಳಿಸಿತ್ತು.

ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, ಬಲಗಿವಿಯ ನರ ನಿಧಾನವಾಗಿ ಸೊರಗಿದೆ, ನಾಲ್ಕಾರು ವರ್ಷವಾದರೂ ಆಗಿರಬೇಕು, ನಿಧಾನವಾದ್ದರಿಂದ ನಿಮಗೆ ಗೊತ್ತಾಗಿಲ್ಲ ಎಂದರು. ತೀರಾ ಹೋಗಿಲ್ಲ, ಯಂತ್ರ ಹಾಕಿದರೆ ಸಾಕಷ್ಟು ಕೇಳಿಸುತ್ತದೆ ಎಂದೂ ಹೇಳಿದರು. ಯಂತ್ರ ಕೊಡುವ ಹುಡುಗಿ ಒಂದು ಪಟ್ಟಿ ಬಿಡಿಸಿದಳು: ನಾಲ್ಕು ಚಾನೆಲ್ಲಿನದು, ಎಂಟು ಚಾನೆಲ್ಲಿನದು, ಹದಿನಾರರದು. "ಕಿವಿಯೊಳಗೆ ಹೋಗೋ ಈ ತುದಿಗೆ ರಿಸೀವರ್ ಅಂತೀವಿ ಸರ್" ಎಂದಳು. ನಾನು ಮುಖ ಮುಚ್ಚಿಕೊಂಡೆ. ಶಶಿಕಲಾ ಬ್ಯಾಗಿನಿಂದ ತನ್ನ ಇಪ್ಪತ್ತು ಸಾವಿರ ತೆಗೆದಳು. "ಅದು ನಿನ್ನ ಸಿನಿಮಾದ್ದು" ಎಂದೆ. "ಸ್ಪೀಕರ್ ಐದಿದ್ದು ಏನ್ಮಾಡೋದು, ಮೊದಲು ಕಿವಿ ಎರಡಾಗ್ಲಿ" ಎಂದು ಎರಡು ನಿಮಿಷದಲ್ಲಿ ಒಂದನ್ನು ಆರಿಸಿದಳು. ಹೋಲಿಸಿ ನೋಡಲಿಲ್ಲ, ಯಾರ ಅಭಿಪ್ರಾಯವನ್ನೂ ಓದಲಿಲ್ಲ. ಯಂತ್ರ ಇವತ್ತಿಗೂ ಚೆನ್ನಾಗಿದೆ. ಅದೂ ನನಗೆ ಸ್ವಲ್ಪ ಅವಮಾನವೇ.

ಯಂತ್ರ ಹಾಕಿಕೊಂಡು ಶಾಲೆಗೆ ಹೋಗಲು ನಾಚಿಕೆಯಾಗಿ, ನೆಗಡಿಯೆಂದು ಹೇಳಿ ಮಫ್ಲರ್ ಸುತ್ತಿಕೊಂಡು ಹೋದೆ. ಅವತ್ತು ಒಂಬತ್ತನೇ ತರಗತಿಗೆ ಶಬ್ದದ ಪಾಠ. ನನ್ನ ಬಲಗಡೆಯ ಬೆಂಚುಗಳ ಮಕ್ಕಳು ಎಷ್ಟು ಶಿಸ್ತಿನವರೆಂದು ನಾನು ಸ್ಟಾಫ್ ರೂಮಿನಲ್ಲಿ ಸದಾ ಹೊಗಳುತ್ತಿದ್ದವನು. ಆ ಬೆಂಚುಗಳಿಂದ ಈಗ ಸಂತೆಯ ಗದ್ದಲ ಕೇಳಿಬಂತು. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳಿಗೆ ಪಕ್ಕದವಳು ಪಿಸುಗುಟ್ಟುವ ಗೋಜಿಗೂ ಹೋಗದೆ ಧಾರಾಳವಾಗಿ ಹೇಳುತ್ತಿದ್ದಳು: "ಇಲ್ಲೇ ಕೂತ್ಕೊಳೇ, ಏನ್ ಬೇಕಾದ್ರೂ ಮಾತಾಡ್ಬೋದು. ಈ ಸಾರ್‌ಗೆ ಈ ಕಡೆ ಕಿವಿ ಕೇಳ್ಸಲ್ಲ. ನಮ್ಮಕ್ಕ ಓದುವಾಗ್ಲೇ ಗೊತ್ತಿತ್ತು ಕಣೇ, ಅವ್ಳೇ ನಂಗೆ ಈ ಜಾಗ ಹೇಳ್ಕೊಟ್ಟಿದ್ದು."

ಅವಳ ಅಕ್ಕ ಶಾಲೆ ಬಿಟ್ಟು ಐದು ವರ್ಷವಾಗಿದೆ. ಬಯ್ಯಬೇಕೆಂದು ಬಾಯಿ ತೆರೆದೆ. ಆದರೆ ಐದು ವರ್ಷಗಳಿಂದ ಶಾಲೆಯ ಮಕ್ಕಳಿಗೆಲ್ಲ ತಿಳಿದಿದ್ದ ಸಂಗತಿ ಮೇಷ್ಟ್ರಿಗೆ ಮೊನ್ನೆ ಗೊತ್ತಾಯಿತು ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ಕೇಳಿಸಲೇ ಇಲ್ಲವೆಂಬಂತೆ ಬೋರ್ಡಿನ ಕಡೆ ತಿರುಗಿ, 'ಶಬ್ದವು ಎಲ್ಲ ದಿಕ್ಕುಗಳಿಗೂ ಹರಡುತ್ತದೆ' ಎಂದು ಬರೆದೆ.